ಬಿತ್ತನೆಗೆ ಉಳಿಸಿದ ಗೂಡು

ನಮ್ಮ ಅತ್ತೆಯ ಕೈಗುಣ ದೊಡ್ಡದು ಎಂಬ ಮಾತು ನಾನು ಆ ಮನೆಗೆ ಸೊಸೆಯಾಗಿ ಕಾಲಿಡುವ ಮೊದಲೇ ಕಿವಿಗೆ ಬಿದ್ದಿತ್ತು. ಹೆಣ್ಣು ನೋಡಲು ನಮ್ಮೂರು ಬಂಡೂರಿಗೆ ಬಂದವರು ಹುಡುಗನ ಬಗ್ಗೆ ಹೇಳಿದ್ದು ಕಡಿಮೆ, ಹುಡುಗನ ತಾಯಿಯ ಕೈಯ ಬಗ್ಗೆ ಹೇಳಿದ್ದೇ ಹೆಚ್ಚು. ಮದ್ದೂರಿಗೆ ನಡೆದು ಹೋಗುವಷ್ಟು ಹತ್ತಿರದ ಹಳ್ಳಿ, ಹಿಪ್ಪುನೇರಳೆ ತೋಟ, ಮನೆ ತುಂಬ ರೇಷ್ಮೆ ಹುಳು. ಆ ಊರಿನಲ್ಲಿ ಯಾರ ಮನೆಯಲ್ಲಿ ಹುಳುವಿನ ಮೊಟ್ಟೆ ಒಡೆದರೂ ಮೊದಲ ಸೊಪ್ಪು ಹಾಕಲು ಆಕೆಯನ್ನೇ ಕರೆಯುತ್ತಾರೆ ಎಂದರು. ನಮ್ಮಪ್ಪ ಕುರಿ ಸಾಕುವವನು, ರೇಷ್ಮೆಯ ಗಂಧ ಗಾಳಿ ಗೊತ್ತಿಲ್ಲದವನು. ಎಲ್ಲವನ್ನೂ ಕೇಳಿಸಿಕೊಂಡು, "ಕೈ ಚೆಂದಾಗ್ ಅದೆ ಸರಿ, ನಾಲ್ಗೆ ಎಂಗ್ ಅದೆ" ಎಂದ. ಬಂದವರು ನಕ್ಕು ಎಲೆ ಅಡಿಕೆಗೆ ಕೈ ಹಾಕಿದರು.

ಮೊದಲ ಸೊಪ್ಪು ಎಂದರೆ ಇಷ್ಟೇ. ಮೊಟ್ಟೆಯಿಂದ ಆಗ ತಾನೇ ಹೊರಬಂದ ಹುಳು ಕತ್ತರಿಸಿದ ಕೂದಲಿನ ತುಂಡಿನಂತೆ ಕಪ್ಪಗೆ, ಇರುವೆಗಿಂತ ಸಣ್ಣಗೆ ಇರುತ್ತದೆ. ಚಿಗುರು ಸೊಪ್ಪನ್ನು ನುಣ್ಣಗೆ ಹೆಚ್ಚಿ ಅದರ ಮೇಲೆ ಉದುರಿಸಬೇಕು. ಉದುರಿಸಿದ ಕೈ ಯಾರದೋ ಆ ಬೆಳೆ ಅವರದು. ಆಮೇಲೆ ಹುಳು ಗೂಡು ಕಟ್ಟುವ ತನಕ ಮನೆಮಂದಿಯೆಲ್ಲ ಸೊಪ್ಪು ಹೊತ್ತು, ಕಸ ತೆಗೆದು, ನಿದ್ದೆಗೆಟ್ಟು ಸವೆದರೂ ಹೆಸರು ಬರುವುದು ಆ ಒಂದು ಹಿಡಿ ಸೊಪ್ಪಿಗೆ. ಅತ್ತೆ ಸೊಪ್ಪು ಹಾಕಿದ ಮನೆಗಳಲ್ಲಿಯೂ ಬೆಳೆ ಕೆಟ್ಟದ್ದು ಇದ್ದೇ ಇರಬೇಕು. ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹುಳು ಕೆಟ್ಟರೆ ಹೊರಗೆ ಆಡಬಾರದು ಎನ್ನುವುದು ಅಲ್ಲಿನ ಇನ್ನೊಂದು ಕಟ್ಟು. ಆಡಿದರೆ ಮುಂದಿನ ಬೆಳೆಗೂ ಅದು ಅಂಟುತ್ತದಂತೆ. ಹುಳುವಿನ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಕೆಟ್ಟ ಹುಳುವನ್ನು ತಿಪ್ಪೆಗೂ ಹಾಕದೆ ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚುತ್ತಾರೆ. ಯಾರಾದರೂ ಕೇಳಿದರೆ ಪರವಾಗಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಒಂದು ಕುರಿ ಸತ್ತರೆ ಊರಿಗೆಲ್ಲ ಗೊತ್ತಾಗುತ್ತದೆ, ಸಂಜೆಗೆ ಊರಿಗೆಲ್ಲ ಸಾರಿನ ವಾಸನೆಯೂ ಬರುತ್ತದೆ. ಈ ಬಾಯಿಕಟ್ಟು ನನಗೆ ಮೊದಲಿನಿಂದಲೂ ಹಿಡಿಸಲಿಲ್ಲ.

ನಾನು ಹೋದದ್ದು ಯುದ್ಧದ ವರ್ಷಗಳಲ್ಲಿ. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ರೇಷ್ಮೆಗೆ ಮಾತ್ರ ಎಲ್ಲಿಲ್ಲದ ಬೇಡಿಕೆ. ವಿಮಾನದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ನಮ್ಮ ರೇಷ್ಮೆಯೇ ಬೇಕು ಎಂದು ಊರಿನ ಗಂಡಸರು ಜಗಲಿಯ ಮೇಲೆ ಕೂತು ಹೇಳುತ್ತಿದ್ದರು, ತಾವೇ ಹೊಲಿದು ಕೊಟ್ಟು ಬಂದವರ ಹಾಗೆ. ಆ ಬೇಸಗೆಯ ಮೊದಲಿಗೆ ಸರ್ಕಾರದ ಕಡೆಯ ಒಬ್ಬರು ಸೈಕಲ್ಲಿನಲ್ಲಿ ಬಂದು ಮೊಟ್ಟೆ ಅಂಟಿದ ಹಾಳೆಗಳನ್ನು ಮನೆಮನೆಗೆ ಕೊಟ್ಟರು. ಊರಿನವರು ಅವರನ್ನು ರೇಷ್ಮೆ ಸಾಹೇಬರು ಎನ್ನುತ್ತಿದ್ದರು. ಅದು ಮಿಶ್ರತಳಿ. ನಮ್ಮ ನಾಡ ಹುಳುವಿನ ಹೆಣ್ಣು ಚಿಟ್ಟೆಗೆ ಜಪಾನಿನ ತಳಿಯ ಗಂಡು ಚಿಟ್ಟೆಯನ್ನು ಕೂಡಿಸಿ ಪಡೆದ ಮೊಟ್ಟೆ. ಜಪಾನಿನವರ ಮೇಲೆ ಯುದ್ಧ ನಡೆಯುತ್ತಿತ್ತು, ಅವರ ಹುಳುವಿನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ಹೊರಡುವಾಗ ಸಾಹೇಬರು ಒಂದು ಮಾತು ಹೇಳಿದ್ದರು. ಬೆಳೆದ ಗೂಡನ್ನೆಲ್ಲ ಮಾರಿಬಿಡಿ, ಇದರಲ್ಲಿ ಬಿತ್ತನೆಗೆ ಇಟ್ಟುಕೊಳ್ಳಬೇಡಿ, ಪ್ರತಿ ಸಲವೂ ಹೊಸ ಹಾಳೆ ನನ್ನಿಂದಲೇ ತೆಗೆದುಕೊಳ್ಳಿ ಎಂದು. ಯಾಕೆ ಎಂದು ಊರಿನವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರ ಸೈಕಲ್ಲು ತಿರುವು ದಾಟುವ ಮೊದಲೇ ಅತ್ತೆ, "ಪ್ರತಿ ದಪ ಇವ್ರ ಬಾಗ್ಲು ಕಾಯ್ಲಿ ಅಂತ ಆಟ ಇದು" ಎಂದು ತೀರ್ಮಾನ ಕೊಟ್ಟರು.

ಆ ಬೆಳೆಗೆ ಮೊದಲ ಸೊಪ್ಪು ಅತ್ತೆಯೇ ಹಾಕಿದರು. ಅಂಥ ಬೆಳೆಯನ್ನು ನಾನು ಆಮೇಲೆ ಎಷ್ಟೋ ನೋಡಿದ್ದೇನೆ, ಆದರೆ ಆಗ ಹೊಸತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುನ್ನ ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದನ್ನು ಜ್ವರ ಎನ್ನುತ್ತಾರೆ. ಆ ಹುಳುಗಳೆಲ್ಲ ಒಟ್ಟಿಗೇ ಜ್ವರಕ್ಕೆ ಕೂತು ಒಟ್ಟಿಗೇ ಎದ್ದವು. ದಪ್ಪ ದಪ್ಪಗೆ ಬೆಳೆದವು. ಸೊಪ್ಪು ತಿನ್ನುವ ಸದ್ದು ಪಕ್ಕದ ಕೋಣೆಗೆ ಮಳೆ ಹನಿದ ಹಾಗೆ ಕೇಳುತ್ತಿತ್ತು. ಒಂದೇ ಹೊತ್ತಿಗೆ ತಿನ್ನುವುದು ಮುಗಿಸಿ ಹಣ್ಣಾಗಿ ಚಂದ್ರಿಕೆಯ ಮೇಲೇರಿ ಗೂಡು ಕಟ್ಟಿದವು. ಚಂದ್ರಿಕೆ ಎಂದರೆ ಹುಳುವಿಗೆ ಗೂಡು ಕಟ್ಟಲು ಸುರುಳಿಯಾಗಿ ಹೆಣೆದ ಬಿದಿರ ತಟ್ಟಿ. ಗೂಡು ನಾಡ ಹುಳುವಿನದಕ್ಕಿಂತ ದೊಡ್ಡದು, ಗಟ್ಟಿ, ಎಲ್ಲವೂ ಒಂದೇ ಅಚ್ಚು. ಊರಿನ ಹೆಂಗಸರು ಬಂದು ಗೂಡು ಮುಟ್ಟಿ ನೋಡಿ ಅತ್ತೆಯ ಕೈಯನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದರು. ಅತ್ತೆ ಬೇಡ ಎನ್ನಲಿಲ್ಲ.

ಇಷ್ಟು ಒಳ್ಳೆಯ ಗೂಡನ್ನು ಪೂರ್ತಿ ಮಾರುವುದುಂಟೆ? ರಾಗಿಯಲ್ಲಿ ದಪ್ಪ ತೆನೆ, ಅವರೆಯಲ್ಲಿ ದಪ್ಪ ಕಾಯಿ, ನಮ್ಮಪ್ಪನ ಮಂದೆಯಲ್ಲಿ ಎದೆ ಅಗಲದ ಟಗರು ಮರಿ, ಒಳ್ಳೆಯದನ್ನು ಬೀಜಕ್ಕೆ ಉಳಿಸುವುದು ನಾವೆಲ್ಲ ಹುಟ್ಟಿದಾಗಿನಿಂದ ಕಂಡದ್ದು. ಅತ್ತೆ ಅಂಗಳದಲ್ಲಿ ಕೂತು ಒಂದೊಂದು ಗೂಡನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ, ಬಿತ್ತನೆಗೆ ಬೇರೆ ಇಟ್ಟರು. ಅವರು ಆರಿಸುವುದನ್ನು ನೋಡುವುದೇ ಒಂದು ಚೆಂದ. ನನಗೂ ಅವರು ಮಾಡಿದ್ದು ಸರಿ ಎಂದೇ ಅನಿಸಿತ್ತು. ಪಕ್ಕದ ಮನೆಯವಳು ಮಡಿಲೊಡ್ಡಿ ಒಂದಿಷ್ಟು ಇಸಿದುಕೊಂಡು ಹೋದಳು. ಹಲಗೂರಿಗೆ ಕೊಟ್ಟಿದ್ದ ಅತ್ತೆಯ ತಂಗಿ ಬಂದು ಒಂದು ಬುಟ್ಟಿ ಕಟ್ಟಿಕೊಂಡು ಹೋದರು. ಇಬ್ಬರೂ ಕೇಳಿದ್ದು ಗೂಡನ್ನಲ್ಲ, ಅತ್ತೆ ಕೈಯಾರೆ ಆರಿಸಿದ ಗೂಡನ್ನು.

ಚಿಟ್ಟೆಗಳು ಹೊರಬಂದವು, ಕೂಡಿದವು, ಹಳೆಯ ಪಂಚೆಯ ಮೇಲೆ ಮೊಟ್ಟೆ ಇಟ್ಟವು. ನಾಡ ಹುಳುವಿನ ಮೊಟ್ಟೆ ತಿಳಿಹಳದಿಯಾಗಿದ್ದು, ಹತ್ತು ದಿನ ಕಳೆಯುತ್ತಿದ್ದ ಹಾಗೆ ನೀಲಿಗೆ ತಿರುಗಿ ಒಡೆಯುತ್ತದೆ. ಈ ಪಂಚೆಯ ಮೇಲೆ ಕೆಲವು ಚಿಟ್ಟೆ ಇಟ್ಟವು ಹಾಗೆಯೇ ಇದ್ದವು. ಬಹಳಷ್ಟು ಚಿಟ್ಟೆ ಇಟ್ಟವು ಒಂದೆರಡು ದಿನದಲ್ಲೇ ನೇರಳೆ ಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿ ನಿಂತುಬಿಟ್ಟವು. ಅತ್ತೆ ಅಂಥದ್ದನ್ನು ಕಂಡಿರಲಿಲ್ಲ. ಒಡೆಯುವವು ಒಡೆದವು, ಉಳಿದವು ಕದಲಲಿಲ್ಲ. ಒಡೆದವಕ್ಕೆ ಸೊಪ್ಪು ಹಾಕುವ ದಿನ ಅತ್ತೆ ನನ್ನನ್ನು ಕರೆದರು.

"ಬಾರವ್ವ, ಈ ಕಿತ ನೀನೇ ಆಕು. ಮನೆಗೆ ಬಂದವ್ಳು ಎಷ್ಟ್ ದಿನ ನಿಂತ್ಕಂಡು ನೋಡ್ತೀಯ" ಎಂದರು.

ಅದು ಪ್ರೀತಿಯಿಂದಲೇ ಹೇಳಿದ್ದು. ಊರೆಲ್ಲ ಕೇಳಿಕೊಂಡು ಬರುವ ಜಾಗದಲ್ಲಿ ನನ್ನನ್ನು ಕೂರಿಸಿದರು. ನನಗೆ ಹೆಮ್ಮೆಯಾಯಿತು. ಬಳೆ ಹಿಂದಕ್ಕೆ ಸರಿಸಿ ಸೊಪ್ಪು ಉದುರಿಸಿದೆ.

ಮೊದಲನೆಯ ಜ್ವರದಲ್ಲೇ ತೊಡಕು ಶುರುವಾಯಿತು. ಕೆಲವು ಹುಳು ಜ್ವರ ಮುಗಿಸಿ ಎದ್ದು ಹಸಿದು ತಲೆಯಾಡಿಸುತ್ತಿದ್ದವು, ಕೆಲವು ಆಗ ತಾನೇ ಕೂರುತ್ತಿದ್ದವು, ಕೆಲವು ಇನ್ನೂ ತಿನ್ನುತ್ತಲೇ ಇದ್ದವು. ಸೊಪ್ಪು ಹಾಕಿದರೆ ಕೂತವಕ್ಕೆ ಕೇಡು, ಹಾಕದಿದ್ದರೆ ಎದ್ದವಕ್ಕೆ ಕೇಡು. ಒಂದೇ ತಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಉದ್ದದ್ದೂ ಇತ್ತು, ಅದರ ಮೂರರಷ್ಟಿನದೂ ಇತ್ತು. ಮೈಮೇಲೆ ಪಟ್ಟೆ ಇದ್ದವು ಕೆಲವು, ಬೋಳು ಕೆಲವು. ಬೇಸಗೆಯ ಬಿಸಿ ಬೇರೆ. ಸಣ್ಣವು ಸೊರಗಿದವು, ದೊಡ್ಡವು ಸಪ್ಪೆ ರೋಗ ಹಿಡಿದು ತಟ್ಟೆಯ ಅಂಚಿಗೆ ಬಂದು ಜೋತುಬಿದ್ದವು. ಉಳಿದು ಕಟ್ಟಿದ ಗೂಡುಗಳಲ್ಲಿ ಒಂದು ಬಿಳಿ, ಒಂದು ಹಳದಿ, ಒಂದು ನಡು ಸಣ್ಣಗಾದ ಕಡಲೆಕಾಯಿಯ ಆಕಾರ, ಒಂದು ಎರಡೂ ತುದಿ ಚೂಪು. ಅತ್ತೆ ಬಾಯಿಬಿಡದೆ ಹಿತ್ತಲಲ್ಲಿ ಗುಂಡಿ ತೋಡಿಸಿದರು. ಪಕ್ಕದ ಮನೆಯವಳು ಗೋಡೆಯಾಚೆಯಿಂದ "ಎಂಗವೆ ಉಳ" ಎಂದಳು. ಅತ್ತೆ "ಪರ್ವಾಗಿಲ್ಲ" ಎಂದರು. "ನಿಮ್ಮವೋ" ಎಂದು ಕೇಳಿದರು. ಅವಳೂ "ಪರ್ವಾಗಿಲ್ಲ ಕಣಕ್ಕ" ಎಂದಳು.

ಆ ದಿನ ನನಗೆ ಯಾರೂ ಏನೂ ಅನ್ನಲಿಲ್ಲ. ಮಾರನೆಯ ದಿನ ರಾಗಿಯ ಬೀಜದ ಮಡಕೆಯನ್ನು ಇಳಿಸಲು ನಾನು ಕೈ ಹಾಕಿದಾಗ ಅತ್ತೆ, "ನೀ ಬುಡು, ನಾ ತಗೋತೀನಿ" ಎಂದರು. ಹಸು ಕರು ಹಾಕಿದಾಗ ಗಿಣ್ಣು ಕಾಯಿಸಲು ಬೇಡ ಎಂದರು. ಬೈದಿದ್ದರೆ ತಿರುಗಿ ಒಂದು ಮಾತು ಹೇಳಬಹುದಿತ್ತು. ಬೈಯಲಿಲ್ಲ. ನನ್ನ ಗಂಡ ಎಲ್ಲವನ್ನೂ ಕಂಡು, ಏನನ್ನೂ ಕಾಣದವರ ಹಾಗೆ ತೋಟಕ್ಕೆ ಹೋಗಿ ಬರುತ್ತಿದ್ದರು. ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ಅತ್ತೆಯ ಮೇಲೆ ಬರಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಮದುವೆಯಾದ ಮೊದಲ ಆಷಾಢ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದು. ಎಲ್ಲರಂತೆ ನಾನೂ ತವರಿಗೆ ಹೊರಟೆ. ಗಾಡಿ ಹತ್ತುವಾಗ ಅತ್ತೆ ಕುಂಕುಮ ಕೊಟ್ಟು, "ಉಸಾರಾಗಿರು" ಎಂದರು. ಶ್ರಾವಣಕ್ಕೆ ಬಾ ಎನ್ನಲಿಲ್ಲ. ಶ್ರಾವಣ ಬಂತು, ಕರೆಯಲು ಯಾರೂ ಬರಲಿಲ್ಲ. ಗೌರಿ ಹಬ್ಬಕ್ಕೂ ಕರೆ ಬರಲಿಲ್ಲ. ನನ್ನ ಜೊತೆ ಆಷಾಢಕ್ಕೆ ಬಂದ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಹೊರಟು ಹೋದರು. ಬಂಡೂರಿನ ಬಾವಿಕಟ್ಟೆಯಲ್ಲಿ ಮೊದಮೊದಲು ಯಾವಾಗ ಹೊರಡುತ್ತೀಯ ಎನ್ನುತ್ತಿದ್ದವರು ಆಮೇಲೆ ಕೇಳುವುದನ್ನು ಬಿಟ್ಟರು. ಮದ್ದೂರಿನ ಕಡೆಯಿಂದ ಕುರಿ ಕೊಳ್ಳಲು ಬಂದವನೊಬ್ಬ ನಮ್ಮಪ್ಪನ ಜಗಲಿಯ ಮೇಲೆ ಕೂತು, ಆ ಮನೆಯವರು ಅತ್ತೆಯ ಅಣ್ಣನ ಮಗಳನ್ನು ಮಗನಿಗೆ ತರುವ ಮಾತಾಡುತ್ತಿದ್ದಾರೆ ಎಂದ. ನಾನು ಒಳಗೆ ರಾಗಿ ಬೀಸುತ್ತಿದ್ದೆ. ಬೀಸುತ್ತಲೇ ಇದ್ದೆ. ಆಗ ಇಬ್ಬರು ಹೆಂಡಿರನ್ನು ತಂದುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ತವರಿನಲ್ಲಿ ಉಳಿದವಳ ಗತಿ ಏನಾಗುತ್ತದೆ ಎನ್ನುವುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೆ. ನನಗೆ ಭಯವಾಯಿತು.

ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಒಂದು ಸಂಜೆ ಮಂದೆಯನ್ನು ದೊಡ್ಡಿಗೆ ಕೂಡುವಾಗ ನಾನೇ ಬಾಯಿಬಿಟ್ಟು ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಂಡು, "ಉಳದ ಇಚಾರ ನಂಗೊತ್ತಿಲ್ಲ ಕಣವ್ವ. ಒಳ್ಳೇದ್ನೇ ಬೀಜಕ್ಕೆ ಬುಟ್ರೆ ಯಾಕ್ ಕೆಡ್ತದೆ" ಎಂದ. ಅವನ ಟಗರುಗಳು ಎಷ್ಟು ತಲೆಮಾರಿನಿಂದಲೋ ಅಡ್ಡತಳಿ ಸೇರದೆ ಬಂದವು. ಗಿಡ್ಡ ಕಾಲು, ಅಗಲ ಬೆನ್ನು, ತಾತನ ಹಾಗೆಯೇ ಮೊಮ್ಮಗ. ಅಂಥ ಮಂದೆಯಲ್ಲಿ ಅವನ ಮಾತು ಸರಿಯೇ. ಹಾಗಾದರೆ ಹುಳು ಕೆಟ್ಟದ್ದಕ್ಕೆ ಕಾರಣವೆಂದು ಉಳಿದದ್ದು ನನ್ನ ಕೈ ಒಂದೇ. ಕೆಲವು ದಿನ ನಾನು ಕೂಡ ನನ್ನ ಕೈಯನ್ನು ಅನುಮಾನದಿಂದ ನೋಡಿಕೊಂಡೆ. ಕುರಿಮರಿಗಳನ್ನು ಮುಟ್ಟಲು ಹಿಂಜರಿದೆ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಅತ್ತೆಯೇ ಬಂದರು. ಮಳವಳ್ಳಿಯ ತನಕ ಬಸ್ಸಿನಲ್ಲಿ ಬಂದು, ಅಲ್ಲಿಂದ ಬಂಡೂರಿಗೆ ನಡೆದಿದ್ದರು. ಸೊಸೆಯನ್ನು ಕರೆಯಲು ಗಂಡ ಬರುತ್ತಾನೆ, ಮೈದುನ ಬರುತ್ತಾನೆ, ಅತ್ತೆ ಬರುವ ಪದ್ಧತಿ ಇಲ್ಲ. ಸಂಬಂಧ ಕಡಿದುಕೊಂಡು ಹೋಗಲೆಂದೇ ಬಂದಿದ್ದಾರೆ ಎಂದುಕೊಂಡೆ. ಅಪ್ಪ ಕಂಬಳಿ ಹಾಸಿ, "ಬನ್ನಿ ಬೀಗ್ರೆ, ಕುಂತ್ಕಳಿ" ಎಂದ. ಅತ್ತೆ ಕಂಬಳಿಯ ಮೇಲೆ ಕೂರದೆ ನೆಲದ ಮೇಲೆ ಕೂತರು. ನೀರು ಕುಡಿದು, ಯಾರೂ ಕೇಳುವ ಮೊದಲೇ ಹೇಳತೊಡಗಿದರು.

ನಾನು ಹೊರಟು ಬಂದ ಮೇಲೆ ಒಡೆಯದ ಮೊಟ್ಟೆಯ ಆ ಪಂಚೆಯನ್ನು ಅವರು ಎಸೆದಿರಲಿಲ್ಲ. ಸುತ್ತಿ ಅಟ್ಟದ ತೊಲೆಗೆ ಸಿಕ್ಕಿಸಿದ್ದರು. ಮಳೆ ಹಿಡಿದು ಹವೆ ತಂಪಾದ ಎಷ್ಟೋ ದಿನದ ಮೇಲೆ ನೋಡಿದರೆ ತೊಲೆಯ ಮೇಲೆ ಕಪ್ಪಗೆ ಹುಳು ಹರಿಯುತ್ತಿವೆ. ಒಂದು ದಿನ ಒಂದಿಷ್ಟು, ಮತ್ತೆರಡು ದಿನ ಬಿಟ್ಟು ಇನ್ನೊಂದಿಷ್ಟು.

"ಸತ್ತೋಗವೆ ಅಂದ್ಕಂಡಿದ್ದೆ ಬೀಗ್ರೆ. ಮಲ್ಗಿದ್ವು. ಯಾರೂ ಕೈ ಆಕ್ದೆ ಅವೇ ಎದ್ದ್ ಬಂದವೆ. ಅವತ್ತೇ ನನ್ ಜೀವ ಜಲ್ ಅಂತು" ಎಂದರು.

ಆ ಹೊತ್ತಿಗೆ ರೇಷ್ಮೆ ಸಾಹೇಬರೂ ಬಂದಿದ್ದರು. ನೂಲು ತೆಗೆಯುವವರು ಅತ್ತೆಯ ಊರಿನ ಗೂಡಿನಲ್ಲಿ ಹತ್ತು ಬಗೆ ಬೆರೆತಿವೆ, ಎಳೆ ಕೂಡುವುದೇ ಇಲ್ಲ ಎಂದು ದೂರಿದ್ದರು. ಹಲಗೂರಿನಿಂದಲೂ ಅದೇ ದೂರು. ಯಾರ ಬಿತ್ತನೆ ಎಂದು ವಿಚಾರಿಸಿಕೊಂಡು ಅವರು ಅತ್ತೆಯ ಬಾಗಿಲಿಗೆ ಬಂದರು. ಅತ್ತೆ ನನ್ನ ಕೈಯ ವಿಷಯ ಹೇಳಿದರಂತೆ. ಸಾಹೇಬರು ಪಕ್ಕದ ಮನೆಯವಳನ್ನು ಕರೆಸಿ ನಿಮ್ಮ ಹುಳು ಏನಾಯಿತು, ನಿಜ ಹೇಳಿ ಎಂದರು. ಅವಳದೂ ಗುಂಡಿಗೆ ಹೋಗಿತ್ತು. ಅವಳಿಂದ ಬಿತ್ತನೆ ಪಡೆದಿದ್ದ ಮೂರನೆಯ ಮನೆಯದೂ, ಹಲಗೂರಿನ ತಂಗಿಯದೂ. ಒಬ್ಬಳು ನೆಂಟರ ದೃಷ್ಟಿ ಎಂದುಕೊಂಡಿದ್ದಳು, ಒಬ್ಬಳು ಹುಳುವಿನ ಕೋಣೆಯ ಬಾಗಿಲಿಗೆ ಬಂದು ಹೋದ ನಾದಿನಿಯನ್ನು ಶಪಿಸುತ್ತಿದ್ದಳು. ಪರವಾಗಿಲ್ಲ, ಪರವಾಗಿಲ್ಲ ಎನ್ನುತ್ತ ಎಲ್ಲರೂ ತಮ್ಮ ತಮ್ಮ ಹಿತ್ತಲಲ್ಲಿ ಮಣ್ಣು ಮುಚ್ಚಿದ್ದರು. ನಾನು ಆ ಯಾವ ಮನೆಯ ಹುಳುವನ್ನೂ ಮುಟ್ಟಿರಲಿಲ್ಲ.

ಹಾಗಾದರೆ ಯಾಕೆ ಕೆಟ್ಟಿತು ಎಂದು ಅಪ್ಪ ಕೇಳಿದ. ಅತ್ತೆ ಸುತ್ತ ನೋಡಿದರು. ಸಾಹೇಬರು ಹುಣಸೆ ಬೀಜ, ಅವರೆ ಕಾಳು ಇಟ್ಟುಕೊಂಡು ತೋರಿಸಿದ್ದರಂತೆ. ನಮ್ಮ ಅಂಗಳದಲ್ಲಿ ಇದ್ದದ್ದು ಕುರಿಯ ಹಿಕ್ಕೆ ಮತ್ತು ಬಿಳಿಯ ನೊರಜು ಕಲ್ಲು. ಅವರು ಅವನ್ನೇ ಗುಡ್ಡೆ ಮಾಡಿಕೊಂಡರು.

"ಇದು ನಮ್ ನಾಡುಳ" ಎಂದು ಹಿಕ್ಕೆ ತೋರಿಸಿದರು. "ಇದು ಜಪಾನಿಂದು" ಎಂದು ಕಲ್ಲು ತೋರಿಸಿದರು. ಒಂದು ಹಿಕ್ಕೆ ಒಂದು ಕಲ್ಲು ಸೇರಿಸಿ ಎರಡು ಜೋಡಿ ಇಟ್ಟರು. "ಪ್ರತಿ ಉಳದೊಳ್ಗೂ ಜೋಡಿ ಇರ್ತವಂತೆ, ಒಂದು ತಾಯಿ ಕೊಟ್ಟದ್ದು ಒಂದು ಅಪ್ಪ ಕೊಟ್ಟದ್ದು. ಮೊದುಲ್ನೇ ಬೆಳೇಲಿ ಎಲ್ಲಾಕೂ ಇದೊಂದು, ಇದೊಂದು. ಅದುಕ್ಕೇ ಎಲ್ಲಾ ಒಂದೇ ತರ ಇದ್ವು. ಈಗ ಇವು ಮರಿ ಮಾಡ್ತವೆ. ಕಣ್ ಮುಚ್ಕಂಡು ಈ ಜೋಡಿಯಿಂದ ಒಂದು, ಆ ಜೋಡಿಯಿಂದ ಒಂದು ತಗೀರಿ."

ಅಪ್ಪ ತೆಗೆದ. ಕಲ್ಲು ಕಲ್ಲು ಬಂತು. ಮತ್ತೆ ತೆಗೆದ. ಹಿಕ್ಕೆ ಕಲ್ಲು. ಮತ್ತೆ ಹಿಕ್ಕೆ ಹಿಕ್ಕೆ.

"ಬಣ್ಣುಕ್ಕೊಂದು ಜೋಡಿ, ಜ್ವರುಕ್ಕೊಂದು ಜೋಡಿ, ತಿನ್ನಾದುಕ್ಕೊಂದು ಜೋಡಿ, ಇಂಗೆ ಲೆಕ್ಕಿಲ್ದಂಗೆ ಅವಂತೆ. ಒಂದೊಂದು ಉಳುಕ್ಕೆ ಒಂದೊಂದು ತರ ಬೀಳ್ತದೆ. ಇಲ್ಲೀದು ಅಲ್ಲೀದುಕ್ಕೆ ಒಂದುಕ್ಕೊಂದು ಒಗ್ಗಾಕಿಲ್ಲ. ಒಗ್ಗಿರೋ ಉಳ ಉಳೀತದೆ, ಇಲ್ದಿದ್ದು ಸಾಯ್ತದೆ" ಎಂದರು. ಕೈಯಲ್ಲಿದ್ದ ಹಿಕ್ಕೆಯನ್ನು ಕೆಳಗಿಟ್ಟು, "ನಾ ಆರ್ಸಿದ್ದು ದಂಡ ಬೀಗ್ರೆ. ಮೇಲ್ನೋಟುಕ್ಕೆ ದಪ್ಪ ಸಣ್ಣ ಕಂಡ್ರೂ ಆ ಗೂಡೆಲ್ಲಾ ಒಳ್ಗೆ ಒಂದೇ. ಒಳ್ಳೇದು ಅಂತ ಆರ್ಸಾಕೆ ಅಲ್ಲಿ ಏನೂ ಇರ್ನಿಲ್ಲ" ಎಂದರು.

ಮಲಗಿದ ಮೊಟ್ಟೆಯ ಸಂಗತಿಯನ್ನೂ ಅವರು ಹೇಳಿದರು. ಜಪಾನಿನಲ್ಲಿ ಚಳಿಗಾಲಕ್ಕೆ ಸೊಪ್ಪು ಇರುವುದಿಲ್ಲ. ಆಗ ಹುಟ್ಟಿದ ಹುಳು ಉಪವಾಸ ಸಾಯುತ್ತದೆ. ಅದಕ್ಕೆ ಅಲ್ಲಿಯ ತಾಯಿ ಚಿಟ್ಟೆ ತನ್ನ ಮೊಟ್ಟೆಗೆ ನಿದ್ದೆಯನ್ನೂ ಕೊಟ್ಟು ಇಡುತ್ತದೆ. ನಮ್ಮ ನಾಡಿನಲ್ಲಿ ವರ್ಷವಿಡೀ ಸೊಪ್ಪು, ನಿದ್ದೆಯ ಅಗತ್ಯವಿಲ್ಲ. ಮೊಟ್ಟೆ ಏಳಬೇಕೋ ಮಲಗಬೇಕೋ ಎನ್ನುವುದು ಒಳಗಿನ ಮರಿಯ ತೀರ್ಮಾನವಲ್ಲ, ತಾಯಿಯದು. ಮೊದಲ ಬೆಳೆಯ ತಾಯಿ ನಾಡ ಚಿಟ್ಟೆ, ಆದ್ದರಿಂದ ಮೊಟ್ಟೆಗಳೆಲ್ಲ ಹೊತ್ತಿಗೆ ಸರಿಯಾಗಿ ಎದ್ದವು. ಎರಡನೆಯ ಬೆಳೆಯ ತಾಯಂದಿರು ಬೆರಕೆ, ಅವುಗಳಲ್ಲಿ ಅಪ್ಪನ ದೇಶದ ಚಳಿಯ ಹೆದರಿಕೆ ಸೇರಿತ್ತು.

ಮುಂದೆ, ಯುದ್ಧ ಮುಗಿದ ಮೇಲೆ, ನಾನೇ ಒಂದು ಮೊಟ್ಟೆ ಕೇಂದ್ರದಲ್ಲಿ ಚಿಟ್ಟೆಗಳನ್ನು ಅರೆದು ರೋಗ ನೋಡುವ ಕೆಲಸಕ್ಕೆ ಸೇರಿದೆ. ಅಲ್ಲಿ ಇದರ ಉಳಿದ ಭಾಗ ತಿಳಿಯಿತು. ಅದೇ ಎರಡು ತಳಿ, ಹೆಣ್ಣು ಗಂಡು ಅದಲು ಬದಲು ಮಾಡಿ ಜಪಾನಿನ ಚಿಟ್ಟೆಯನ್ನು ತಾಯಿಯಾಗಿಸಿದರೆ ಮೊದಲ ಬೆಳೆಯ ಮೊಟ್ಟೆಯೇ ಮಲಗಿಬಿಡುತ್ತದೆ. ಅಪ್ಪನಿಂದ ಏನು ಬಂತು ಅಮ್ಮನಿಂದ ಏನು ಬಂತು ಎನ್ನುವುದಷ್ಟೇ ಸಾಲದು, ಯಾರು ಅಪ್ಪ ಯಾರು ಅಮ್ಮ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇನ್ನೂ ಒಂದು ಇದೆ. ತಾಯಿ ಚಿಟ್ಟೆ ತಾನೇ ಮೊಟ್ಟೆಯೊಳಗೆ ಇದ್ದಾಗ ಅದಕ್ಕೆ ತಾಕಿದ ಬಿಸಿ, ಬೆಳಕು, ತಂಪು, ಇವು ಅದರ ಮೈಯಲ್ಲಿ ಉಳಿದು, ಅದು ಬೆಳೆದು ಇಡುವ ಮೊಟ್ಟೆ ಏಳುವುದನ್ನೋ ಮಲಗುವುದನ್ನೋ ಗೊತ್ತು ಮಾಡುತ್ತವೆ. ಬೀಜದಲ್ಲಿ ಬಂದದ್ದು ಬದಲಾಗುವುದಿಲ್ಲ. ಯಾವುದು ನಡೆಯಬೇಕು ಯಾವುದು ಸುಮ್ಮನಿರಬೇಕು ಎನ್ನುವುದು ಬದಲಾಗುತ್ತದೆ. ಕೇಂದ್ರದಲ್ಲಿ ಅದಕ್ಕೆಂದೇ ಮೊಟ್ಟೆಯ ಕೋಣೆಗೆ ಒದ್ದೆ ಗೋಣಿ ಕಟ್ಟಿ ಹದ ಕಾಯುತ್ತಿದ್ದೆವು. ಇದನ್ನೆಲ್ಲ ಕಲಿತಾಗ ನನಗೆ ಸಂತೋಷಕ್ಕಿಂತ ಹೆಚ್ಚು ಬಂದದ್ದು ಸಿಟ್ಟು. ಮೊಟ್ಟೆ ಹಾಳೆ ಕೊಟ್ಟ ದಿನವೇ ಸಾಹೇಬರು ಹುಣಸೆ ಬೀಜ ಹರಡಿ ಇದನ್ನು ಹೇಳಿದ್ದರೆ ನಾನು ಬಂಡೂರಿನಲ್ಲಿ ಆ ಮಳೆಗಾಲ ಕಳೆಯಬೇಕಾಗಿರಲಿಲ್ಲ.

ಅತ್ತೆ ಹಿಕ್ಕೆ, ಕಲ್ಲುಗಳನ್ನು ಒಟ್ಟಿಗೆ ಬಾಚಿ ಬದಿಗೆ ಸರಿಸಿದರು. ನನ್ನ ಕಡೆ ನೋಡಿ, "ಬಟ್ಟೆ ಗಂಟು ಕಟ್ಕಳವ್ವ, ಸಂಜೆ ಬಸ್ಸಿಗೆ ಓಗುವ" ಎಂದರು. ಅಷ್ಟೇ. ಅಪ್ಪ ಒಂದು ಟಗರು ಮರಿಯನ್ನು ತಂದು ನಿಲ್ಲಿಸಿ, ತೆಗೆದುಕೊಂಡು ಹೋಗಿ ಎಂದ. ಬಸ್ಸಿನವನು ಮರಿಯನ್ನು ಹತ್ತಿಸಲು ಒಪ್ಪುವುದಿಲ್ಲ ಎಂದು ಅತ್ತೆ ಹೇಳಿದರು. ಆ ದಿನ ನಾನು ಅತ್ತದ್ದು ಅಪ್ಪನ ಮನೆ ಬಿಡುವುದಕ್ಕಲ್ಲ, ಬಿಡಲು ಸಿಕ್ಕಿತಲ್ಲ ಎಂಬ ಕಾರಣಕ್ಕೆ.

ಮನೆಗೆ ಬಂದ ಕೆಲವೇ ದಿನಗಳಲ್ಲಿ ಸಾಹೇಬರು ಕೊಟ್ಟ ಹೊಸ ಹಾಳೆಯ ಮೊಟ್ಟೆ ಒಡೆಯಿತು. ಪಕ್ಕದ ಮನೆಯಲ್ಲೂ ಅದೇ ದಿನ. ಮೊದಲಾಗಿದ್ದರೆ ಬೆಳಗಿನಿಂದಲೇ ಬಾಗಿಲಲ್ಲಿ ಯಾರಾದರೂ ನಿಂತು ಅಕ್ಕ ಬನ್ನಿ ಎನ್ನುತ್ತಿದ್ದರು. ಅತ್ತೆ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದರು. ಯಾರೂ ಬರಲಿಲ್ಲ. ಗೋಡೆಯಾಚೆಯಿಂದ ಪಕ್ಕದ ಮನೆಯವಳು ಸೊಪ್ಪು ಹೆಚ್ಚುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತ ಮೇಲೆ ಅತ್ತೆ ಎದ್ದು ಒಳಗೆ ಬಂದು ಹುಳುವಿನ ಕೋಣೆಯ ಹೊಸ್ತಿಲಾಚೆಯೇ ನಿಂತರು. ಹೆಚ್ಚಿದ ಸೊಪ್ಪು ತಟ್ಟೆಯ ಪಕ್ಕದಲ್ಲಿ ಸಿದ್ಧವಾಗಿತ್ತು.

"ಬನ್ನಿ ಅತ್ತೆಮ್ಮ, ನೀವೇ ಆಕಿ" ಎಂದೆ.

"ಯಾರ್ ಆಕುದ್ರೇನು, ನೀನೇ ಆಕು" ಎಂದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ನನ್ನನ್ನು ನೋಡದೆ ಹುಳುವನ್ನೇ ನೋಡುತ್ತ, "ನಿನ್ ಕೈದು ಏನೂ ತಪ್ಪಿಲ್ಲ ಅಂತ ಸಾಯೇಬ್ರು ಏಳ್ದಾಗ ನಂಗೆ ಬಾಳ ಸಮಾದಾನ ಆಯ್ತು ಕಣವ್ವ. ಆಮೇಕೆ ಒಂದ್ ಮಾತು ಒಳೀತು. ಕೆಟ್ಟದ್ದು ನಿನ್ ಕೈಯಿಂದಲ್ಲ ಅಂದ್ಮೇಲೆ, ಇಷ್ಟ್ ವರ್ಸ ಬೆಳ್ದದ್ದು ನನ್ ಕೈಯಿಂದ್ಲೂ ಅಲ್ಲ, ಅಲ್ವಾ" ಎಂದರು.

ಅವರು ಉತ್ತರಕ್ಕೆ ಕಾಯುತ್ತಿದ್ದರು. ಹಾಗಲ್ಲ ಅತ್ತೆಮ್ಮ, ನಿಮ್ಮ ಕೈಗುಣ ನಿಜವೇ ಎಂದು ಒಂದು ಮಾತು ಹೇಳಿದ್ದರೆ ಆ ಮುಖ ಅರಳುತ್ತಿತ್ತು. ಆದರೆ ಅವರ ಕೈಗೆ ಗುಣವಿದೆ ಎಂದು ನಾನು ಒಪ್ಪಿದ ಕ್ಷಣವೇ ನನ್ನ ಕೈಗೂ ಒಂದು ಗುಣ ಬರುತ್ತಿತ್ತು. ಅದು ಯಾವುದು ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತಟ್ಟೆಯ ಮೇಲೆ ಬಗ್ಗಿ ಸೊಪ್ಪು ಉದುರಿಸಿದೆ, ಹುಳು ತಿನ್ನತೊಡಗಿದವು.